ನಾಲ್ಕು ಹೆರಿಗೆ, ಎರಡು ತೊಟ್ಟಿಲು: ಜಾಕ್ವೆಲಿನ್ ಕೆನಡಿ ನಡೆದ ಹಾದಿ

1963ರ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಕಡಲತೀರದ ಬಳಿಯಿರುವ ಓಟಿಸ್ ವಾಯುನೆಲೆಯ ಆಸ್ಪತ್ರೆಯಲ್ಲಿ ಕೆಲವು ಕೊಠಡಿಗಳನ್ನು ಸದ್ದಿಲ್ಲದೆ ಸಜ್ಜುಗೊಳಿಸಲಾಯಿತು. ಎಲ್ಲವೂ ಎಣಿಸಿದಂತೆ ನಡೆದಿದ್ದರೆ ಆ ಕೊಠಡಿಗಳಿಗೆ ಯಾರೂ ಬರಬೇಕಾಗಿರಲಿಲ್ಲ. ರಾಷ್ಟ್ರಾಧ್ಯಕ್ಷ ಜಾನ್ ಎಫ್. ಕೆನಡಿ ಅವರ ಪತ್ನಿ ಜಾಕ್ವೆಲಿನ್ ಕೆನಡಿ ಅವರ ಹೆರಿಗೆ ಸೆಪ್ಟೆಂಬರ್‌ನಲ್ಲಿ, ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯ ಮೂಲಕ ಆಗಬೇಕೆಂದು ನಿರ್ಧಾರವಾಗಿತ್ತು. ಆದರೂ ಬೇಸಿಗೆ ಕಳೆಯಲು ಅವರು ತಂಗುವ ಮನೆಯಿಂದ ಹೆಲಿಕಾಪ್ಟರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ತಲುಪಬಹುದಾದ ಒಂದು ಶಸ್ತ್ರಚಿಕಿತ್ಸಾ ಕೋಣೆ ಸಿದ್ಧವಿರಲಿ ಎಂದು ವೈದ್ಯರು ಬಯಸಿದ್ದರು. ಈ ತಾಯಿಯ ವಿಷಯದಲ್ಲಿ ದಿನಾಂಕಗಳನ್ನು ನಂಬುವಂತಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಜಾಕ್ವೆಲಿನ್ ಕೆನಡಿ ಎಂದೊಡನೆ ಜಗತ್ತಿಗೆ ನೆನಪಾಗುವುದು ಅವರ ಉಡುಗೆ, ತೊಡುಗೆ, ಶ್ವೇತಭವನದ ನವೀಕರಣ ಮತ್ತು ಡಲ್ಲಾಸ್‌ನ ಆ ಕರಾಳ ಮಧ್ಯಾಹ್ನ. 1962ರ ಮಾರ್ಚ್‌ನಲ್ಲಿ ಸೋದರಿಯೊಂದಿಗೆ ಭಾರತಕ್ಕೆ ಬಂದು ತಾಜಮಹಲನ್ನೂ ಉದಯಪುರದ ಸರೋವರವನ್ನೂ ಕಂಡ ಅವರ ಚಿತ್ರಗಳನ್ನು ನಮ್ಮ ಪತ್ರಿಕೆಗಳೂ ಸಂಭ್ರಮದಿಂದ ಪ್ರಕಟಿಸಿದ್ದವು. ಆದರೆ ಆ ನಗುಮುಖದ ಹಿಂದೆ ಐದು ಗರ್ಭಧಾರಣೆಗಳ, ನಾಲ್ಕು ಶಸ್ತ್ರಚಿಕಿತ್ಸೆಗಳ ಒಂದು ದೀರ್ಘ ವೈದ್ಯಕೀಯ ಚರಿತ್ರೆಯಿತ್ತು. ಅವಧಿಗೆ ಮುನ್ನ ಹೆತ್ತ ತಾಯಿ ಮತ್ತೊಮ್ಮೆ ಗರ್ಭಿಣಿಯಾದಾಗ ಎದುರಿಸುವ ಭಯ, ಎಚ್ಚರಿಕೆ, ಲೆಕ್ಕಾಚಾರಗಳೆಲ್ಲವನ್ನೂ ಅವರು ಒಂದಲ್ಲ, ಮೂರು ಬಾರಿ ಅನುಭವಿಸಿದರು.

ಜಾಕ್ವೆಲಿನ್ ಲೀ ಬೂವಿಯೇ ಹುಟ್ಟಿದ್ದು 1929ರ ಜುಲೈ 28ರಂದು, ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನಲ್ಲಿ. ಶ್ರೀಮಂತ ಮನೆತನ, ಕುದುರೆ ಸವಾರಿ, ಫ್ರೆಂಚ್ ಭಾಷೆಯ ಒಲವು, ವಾಷಿಂಗ್ಟನ್‌ನ ಪತ್ರಿಕೆಯೊಂದರಲ್ಲಿ ಕೆಲಕಾಲ ಕ್ಯಾಮೆರಾ ಹಿಡಿದು ಸುದ್ದಿ ಮಾಡಿದ ಅನುಭವ. 1953ರ ಸೆಪ್ಟೆಂಬರ್ 12ರಂದು ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಯುವ ಸೆನೆಟರ್ ಕೆನಡಿ ಅವರೊಂದಿಗೆ ವಿವಾಹವಾಯಿತು. ಕೆನಡಿ ಮನೆತನದಲ್ಲಿ ಮಕ್ಕಳೆಂದರೆ ಸಂಪತ್ತು. ಜಾನ್ ಅವರೇ ಒಂಬತ್ತು ಮಕ್ಕಳಲ್ಲಿ ಎರಡನೆಯವರು; ತಮ್ಮ ರಾಬರ್ಟ್ ಅವರ ಮನೆಯಲ್ಲಿ ವರ್ಷ ಬಿಟ್ಟು ವರ್ಷ ತೊಟ್ಟಿಲು ತೂಗುತ್ತಿತ್ತು. ಅಂಥ ಮನೆಗೆ ಸೊಸೆಯಾಗಿ ಬಂದ ಜಾಕ್ವೆಲಿನ್ ಅವರಿಗೆ 1955ರಲ್ಲಿ ಮೊದಲ ಗರ್ಭಪಾತವಾಯಿತು.

ಮರುವರ್ಷ ಮತ್ತೆ ಗರ್ಭಿಣಿಯಾದರು. 1956ರ ಆಗಸ್ಟ್‌ನಲ್ಲಿ ತುಂಬು ಗರ್ಭಿಣಿಯಾಗಿಯೇ ಷಿಕಾಗೋದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಪಾಲ್ಗೊಂಡರು. ಉಪಾಧ್ಯಕ್ಷ ಅಭ್ಯರ್ಥಿ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ಸೋತ ಪತಿ ವಿಶ್ರಾಂತಿಗೆಂದು ಮೆಡಿಟರೇನಿಯನ್ ಸಮುದ್ರಯಾನಕ್ಕೆ ಹೊರಟರು. ಪತ್ನಿ ನ್ಯೂಪೋರ್ಟ್‌ನ ತವರಿಗೆ ಮರಳಿದರು. ಆಗಸ್ಟ್ 23ರಂದು ತೀವ್ರ ರಕ್ತಸ್ರಾವ ಆರಂಭವಾಯಿತು. ನ್ಯೂಪೋರ್ಟ್ ಆಸ್ಪತ್ರೆಯಲ್ಲಿ ತುರ್ತು ಸಿಸೇರಿಯನ್ ನಡೆಯಿತು. ಹೆಣ್ಣುಮಗು, ಹುಟ್ಟುವಾಗಲೇ ಉಸಿರಿರಲಿಲ್ಲ. ಎಚ್ಚರವಾದಾಗ ಹಾಸಿಗೆಯ ಪಕ್ಕದಲ್ಲಿದ್ದವರು ಮೈದುನ ರಾಬರ್ಟ್. ಸಮುದ್ರದ ಮೇಲಿದ್ದ ಪತಿ ಊರಿಗೆ ಮರಳಲು ದಿನಗಳೇ ಹಿಡಿದವು. ಆ ವಿಳಂಬವನ್ನು ಕೆನಡಿ ಅವರ ಜೀವನಚರಿತ್ರೆ ಬರೆದವರಾರೂ ಸುಲಭವಾಗಿ ಕ್ಷಮಿಸಿಲ್ಲ, ಕ್ಷಮಿಸುವಂಥದ್ದೂ ಅಲ್ಲ. ಮಗುವಿಗೆ ಅರಾಬೆಲ್ಲಾ ಎಂಬ ಹೆಸರಿಡುವುದೆಂದು ತಾಯಿ ಎಣಿಸಿದ್ದರು.

ಅಧಿವೇಶನದ ಓಡಾಟ, ದಣಿವು ಇದಕ್ಕೆ ಕಾರಣವೆಂಬ ಮಾತು ಆಗ ಎಲ್ಲೆಡೆ ಹರಡಿತು. ಗರ್ಭಿಣಿಗೆ ಏನೇ ಆದರೂ ತಪ್ಪನ್ನು ಅವಳ ಓಡಾಟದಲ್ಲೇ ಹುಡುಕುವ ರೂಢಿ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ. ಅವರ ಇನ್ನೊಂದು ಅಭ್ಯಾಸದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ. ಜಾಕ್ವೆಲಿನ್ ವಿಪರೀತ ಸಿಗರೇಟ್ ಸೇದುತ್ತಿದ್ದರು. ಛಾಯಾಗ್ರಾಹಕರ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸುತ್ತಿದ್ದರು. ಧೂಮಪಾನ ಮಾಡುವ ತಾಯಂದಿರಲ್ಲಿ ಅವಧಿಪೂರ್ವ ಹೆರಿಗೆಗಳು ಹೆಚ್ಚು ಎಂಬುದನ್ನು ಕ್ಯಾಲಿಫೋರ್ನಿಯಾದ ವೈದ್ಯ ಸಿಂಪ್ಸನ್ 1957ರಲ್ಲಿ ವರದಿ ಮಾಡಿದರಾದರೂ ಅದು ವೈದ್ಯರ ದಿನನಿತ್ಯದ ಸಲಹೆಯಾಗಲು ಬಹಳ ಕಾಲ ಹಿಡಿಯಿತು. ಧೂಮಪಾನದ ಅಪಾಯಗಳ ಕುರಿತ ಅಮೆರಿಕ ಸರ್ಕಾರದ ಪ್ರಸಿದ್ಧ ವರದಿ ಹೊರಬಿದ್ದದ್ದು 1964ರ ಜನವರಿಯಲ್ಲಿ. ಅಷ್ಟರಲ್ಲಿ ಜಾಕ್ವೆಲಿನ್ ವಿಧವೆಯಾಗಿದ್ದರು. ಒಬ್ಬ ತಾಯಿಯ ವಿಷಯದಲ್ಲಿ ಇದೇ ಕಾರಣವೆಂದು ಬೆರಳು ಮಾಡಿ ಹೇಳಲಾಗದು. ಆದರೆ ಯಾರಾದರೂ ಒಬ್ಬರು ಹೇಳಬೇಕಾಗಿದ್ದ ಮಾತು ಅದು.

ಮೊದಲ ಮಗುವನ್ನು ಕಳೆದುಕೊಂಡ ಆರೇಳು ತಿಂಗಳಿಗೇ ಅವರು ಮತ್ತೆ ಗರ್ಭಿಣಿಯಾದರು. ಇಂದಿನ ವೈದ್ಯರಾಗಿದ್ದರೆ, ಅದರಲ್ಲೂ ಸಿಸೇರಿಯನ್ ಆದ ಬಳಿಕ, ಮುಂದಿನ ಗರ್ಭಕ್ಕೆ ಸುಮಾರು ಒಂದೂವರೆ ವರ್ಷದ ಅಂತರ ಇಟ್ಟುಕೊಳ್ಳಲು ಹೇಳುತ್ತಿದ್ದರು. ಹಿಂದೆ ಅವಧಿಗೆ ಮುನ್ನ ಹೆತ್ತಿರುವುದೇ ಮತ್ತೆ ಹಾಗಾಗುವುದರ ಬಹು ದೊಡ್ಡ ಮುನ್ಸೂಚನೆ ಎಂಬುದೂ ಈಗ ಎಲ್ಲ ವೈದ್ಯರೂ ಒಪ್ಪಿದ ಸಂಗತಿ. ವಿಚಿತ್ರವೆಂದರೆ ಜಾಕ್ವೆಲಿನ್ ಅವರ ಎಲ್ಲ ಗರ್ಭಗಳ ಪೈಕಿ ತುಂಬು ತಿಂಗಳವರೆಗೆ ನೆಮ್ಮದಿಯಾಗಿ ಸಾಗಿದ್ದು ಇದೊಂದೇ. 1957ರ ನವೆಂಬರ್ 27ರಂದು ನ್ಯೂಯಾರ್ಕ್‌ನ ಹೆರಿಗೆ ಆಸ್ಪತ್ರೆಯಲ್ಲಿ ಸಿಸೇರಿಯನ್ ಮೂಲಕ ಕ್ಯಾರೊಲಿನ್ ಜನಿಸಿದಳು. ತೂಕ ಮೂರು ಕಿಲೋಗೂ ಮೀರಿತ್ತು.

ಆ ಕಾಲದಲ್ಲಿ ಇಂಥ ತಾಯಂದಿರಿಗೆ ವೈದ್ಯಶಾಸ್ತ್ರ ಕೊಡಬಹುದಾಗಿದ್ದುದು ಏನು? ಮುಖ್ಯವಾಗಿ ವಿಶ್ರಾಂತಿ. ಗರ್ಭದೊಳಗೆ ಇಣುಕುವ ದಾರಿ ಇರಲಿಲ್ಲ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಶಬ್ದತರಂಗಗಳಿಂದ ಗರ್ಭದ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ್ದು 1958ರಲ್ಲಿ, ಅದು ಆಸ್ಪತ್ರೆಗಳಿಗೆ ಬಂದದ್ದು ಇನ್ನೂ ತಡವಾಗಿ. ಅಮೆರಿಕದಲ್ಲಿ ಅಸಂಖ್ಯಾತ ಗರ್ಭಿಣಿಯರಿಗೆ ಗರ್ಭಪಾತ, ಅಕಾಲಿಕ ಹೆರಿಗೆ ತಡೆಯಲೆಂದು ಡಿಇಎಸ್ ಎಂಬ ಕೃತಕ ಹಾರ್ಮೋನ್ ಬರೆದುಕೊಡಲಾಗುತ್ತಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ಷಿಕಾಗೋದ ಸಂಶೋಧಕರು 1953ರಲ್ಲೇ ತೋರಿಸಿದ್ದರೂ ಗುಳಿಗೆ ನಿಲ್ಲಲಿಲ್ಲ. ಗರ್ಭದಲ್ಲಿ ಆ ಔಷಧಕ್ಕೆ ಒಡ್ಡಿಕೊಂಡಿದ್ದ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡ ಮೇಲೆ, 1971ರಲ್ಲಿ, ಗರ್ಭಿಣಿಯರಿಗೆ ಅದನ್ನು ಕೊಡಬಾರದೆಂದು ಸರ್ಕಾರ ಎಚ್ಚರಿಸಿತು. ಗರ್ಭಕೋಶದ ಕಂಠ ದುರ್ಬಲವಾಗಿರುವವರಿಗೆ ಹೊಲಿಗೆ ಹಾಕಿ ಗರ್ಭ ಉಳಿಸುವ ಶಸ್ತ್ರಕ್ರಿಯೆಯನ್ನು ಮುಂಬಯಿಯ ವೈದ್ಯ ವಿ.ಎನ್. ಶಿರೋಡ್ಕರ್ 1955ರಲ್ಲಿ ಜಗತ್ತಿನ ಮುಂದಿಟ್ಟಿದ್ದರು. ಆ ಹೊಲಿಗೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಆದರೆ ರಕ್ತಸ್ರಾವದಿಂದ ಬರುವ ಅಕಾಲಿಕ ಹೆರಿಗೆಗೆ ಅದು ಮದ್ದಲ್ಲ.

1960ರಲ್ಲಿ ಪತಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಜಾಕ್ವೆಲಿನ್ ಮತ್ತೆ ಗರ್ಭಿಣಿ. ಈ ಸಲ ವಾಷಿಂಗ್ಟನ್‌ನ ಪ್ರಸೂತಿ ತಜ್ಞ ಜಾನ್ ವಾಲ್ಷ್ ಅವರ ಆರೈಕೆ. ಪ್ರಚಾರದ ಪ್ರವಾಸಗಳಿಗೆ ಕಡಿವಾಣ ಬಿತ್ತು. ಮನೆಯಲ್ಲೇ ಕುಳಿತು ಪತ್ರಿಕೆಗಳಿಗೆ ವಾರದ ಅಂಕಣ ಬರೆದರು, ಪತ್ರಗಳಿಗೆ ಉತ್ತರಿಸಿದರು. ಆದರೂ ಚುನಾವಣೆ ಹತ್ತಿರವಾದಂತೆ ಅಕ್ಟೋಬರ್ 19ರಂದು ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ತೆರೆದ ಕಾರಿನ ಮೆರವಣಿಗೆಯಲ್ಲಿ ಪತಿಯ ಪಕ್ಕ ಕಾಣಿಸಿಕೊಂಡರು. ನವೆಂಬರ್ 8ರಂದು ಗೆಲುವು. ನವೆಂಬರ್ 24ರಂದು ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಮುಗಿಸಿ ಕೆನಡಿ ಫ್ಲಾರಿಡಾಕ್ಕೆ ವಿಮಾನ ಹತ್ತಿದರು. ಅವರಿನ್ನೂ ಆಕಾಶದಲ್ಲಿದ್ದಾಗಲೇ ಪತ್ನಿಯನ್ನು ಆಂಬುಲೆನ್ಸ್‌ನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಒಯ್ಯಲಾಯಿತು. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ತುರ್ತು ಸಿಸೇರಿಯನ್. ಸುಮಾರು ಮೂರು ವಾರ ಮುಂಚಿತವಾಗಿ ಗಂಡುಮಗು ಹುಟ್ಟಿತು. ನಿಯೋಜಿತ ಅಧ್ಯಕ್ಷರು ಪತ್ರಕರ್ತರ ವಿಮಾನವೇರಿ ಹಿಂತಿರುಗಿದರು. ಈ ಬಾರಿ ತಡ ಮಾಡಲಿಲ್ಲ. ಜಾನ್ ಜೂನಿಯರ್ ಮೊದಲ ದಿನಗಳನ್ನು ಇನ್‌ಕ್ಯುಬೇಟರ್‌ನಲ್ಲಿ ಕಳೆದ.

ಹೆರಿಗೆಯಾಗಿ ಎರಡು ವಾರ. ಡಿಸೆಂಬರ್ 9ರಂದು ಶ್ವೇತಭವನ ನೋಡಲು ಬರುವಂತೆ ನಿರ್ಗಮಿಸಲಿದ್ದ ಪ್ರಥಮ ಮಹಿಳೆ ಮೇಮಿ ಐಸೆನ್‌ಹೋವರ್ ಅವರಿಂದ ಆಹ್ವಾನ. ಅವರಿಗಾಗಿ ಒಂದು ಗಾಲಿಕುರ್ಚಿ ಸಿದ್ಧವಾಗಿತ್ತು, ಆದರೆ ಅದನ್ನು ಮರೆಯಲ್ಲಿಟ್ಟು ಕೇಳಿದರಷ್ಟೇ ಕೊಡುವುದೆಂದು ತೀರ್ಮಾನವಾಗಿತ್ತು ಎಂದು ಶ್ವೇತಭವನದ ಮೇಲ್ವಿಚಾರಕ ಜೆ.ಬಿ. ವೆಸ್ಟ್ ಮುಂದೆ ಬರೆದಿದ್ದಾರೆ. ಜಾಕ್ವೆಲಿನ್ ಕೇಳಲಿಲ್ಲ. ಹೊಟ್ಟೆಯ ಹೊಲಿಗೆ ಹೊತ್ತುಕೊಂಡೇ ಆ ದೊಡ್ಡ ಮನೆಯ ಅಂತಸ್ತುಗಳನ್ನು ಸುತ್ತಿದರು. ಜನವರಿ 20ರ ಪದಗ್ರಹಣದ ರಾತ್ರಿಯ ಔತಣಗಳಿಂದ ದಣಿದು ಅರ್ಧಕ್ಕೇ ಮರಳಿದರು. ಜಗತ್ತು ಕಂಡದ್ದು ಬಿಳಿ ರೇಷ್ಮೆಯ ಉಡುಪನ್ನು ಮಾತ್ರ.

ಹೀಗಾಗಿ 1963ರ ಗರ್ಭದ ವೇಳೆಗೆ ವೈದ್ಯರ ಕೈಯಲ್ಲಿ ಮೂರು ಶಸ್ತ್ರಚಿಕಿತ್ಸೆಗಳ ಮತ್ತು ಎರಡು ಅವಸರದ ಹೆರಿಗೆಗಳ ದಾಖಲೆಯಿತ್ತು. ಒಮ್ಮೆ ಸಿಸೇರಿಯನ್ ಆದವರಿಗೆ ಮುಂದೆಯೂ ಸಿಸೇರಿಯನ್ ಎಂಬುದು ಅಂದಿನ ಅಮೆರಿಕದ ನಿಯಮ. ಏಪ್ರಿಲ್ 15ರಂದು ಸುದ್ದಿ ಬಹಿರಂಗವಾಯಿತು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರಿಗೆ ಮಗು ಹುಟ್ಟುವುದು 19ನೇ ಶತಮಾನದ ಗ್ರೋವರ್ ಕ್ಲೀವ್‌ಲೆಂಡ್ ನಂತರ ಇದೇ ಮೊದಲು. ಜಾಕ್ವೆಲಿನ್ ಸಾರ್ವಜನಿಕ ಕಾರ್ಯಕ್ರಮಗಳಿಂದ ಹಿಂದೆ ಸರಿದರು. ಬೇಸಿಗೆಗೆ ಹ್ಯಾನಿಸ್ ಪೋರ್ಟ್ ಬಳಿಯ ಸ್ಕ್ವಾ ದ್ವೀಪದಲ್ಲಿ ಬಾಡಿಗೆ ಮನೆ. ವೈದ್ಯ ವಾಲ್ಷ್ ತಮ್ಮ ರಜೆಯನ್ನೂ ಅಲ್ಲೇ ಸಮೀಪದಲ್ಲಿ ಕಳೆಯುವಂತೆ ವ್ಯವಸ್ಥೆ ಮಾಡಿಕೊಂಡರು. ಓಟಿಸ್‌ನ ಕೊಠಡಿಗಳು ಸಿದ್ಧವಾದದ್ದು ಆಗಲೇ. ದೇಶವೊಂದು ಒಬ್ಬ ಗರ್ಭಿಣಿಗಾಗಿ ಮಾಡಬಹುದಾದ ಸಿದ್ಧತೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಆಗಸ್ಟ್ 7ರ ಬೆಳಿಗ್ಗೆ ಮಕ್ಕಳನ್ನು ಕುದುರೆ ಸವಾರಿಯ ಪಾಠಕ್ಕೆ ಕರೆದೊಯ್ದಿದ್ದಾಗ ನೋವು ಶುರುವಾಯಿತು. ಸಿದ್ಧತೆಗಳೆಲ್ಲ ಗಡಿಯಾರದಂತೆ ಕೆಲಸ ಮಾಡಿದವು. ಮನೆ, ವೈದ್ಯರು, ಹೆಲಿಕಾಪ್ಟರ್, ಶಸ್ತ್ರಚಿಕಿತ್ಸಾ ಕೋಣೆ. ಮಧ್ಯಾಹ್ನ 12 ಗಂಟೆ 52 ನಿಮಿಷಕ್ಕೆ ಗಂಡುಮಗು ಹೊರಬಂತು. ಐದೂವರೆ ವಾರ ಮುಂಚೆ. ತೂಕ ಎರಡು ಕಿಲೋ ನೂರು ಗ್ರಾಂ ಆಸುಪಾಸು. ತಾಯಿ ಸುರಕ್ಷಿತವಾಗಿದ್ದರು. ಮಗು ಉಸಿರಿಗಾಗಿ ಹೋರಾಡುತ್ತಿತ್ತು. ವಾಯುನೆಲೆಯ ಪಾದ್ರಿ ಕೂಡಲೇ ದೀಕ್ಷಾಸ್ನಾನ ಮಾಡಿಸಿ ಪ್ಯಾಟ್ರಿಕ್ ಬೂವಿಯೇ ಕೆನಡಿ ಎಂದು ಹೆಸರಿಟ್ಟರು. ವಾಷಿಂಗ್ಟನ್‌ನಿಂದ ಧಾವಿಸಿ ಬಂದ ಅಧ್ಯಕ್ಷರು ಇನ್‌ಕ್ಯುಬೇಟರ್ ಅನ್ನು ಸ್ವತಃ ತಳ್ಳಿಕೊಂಡು ಪತ್ನಿಯ ಹಾಸಿಗೆಯ ಬಳಿಗೆ ತಂದು ತೋರಿಸಿದರು. ಬಳಿಕ ಮಗುವನ್ನು ಆಂಬುಲೆನ್ಸ್‌ನಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಗೆ ಸಾಗಿಸಲಾಯಿತು. ತಾಯಿ ಆ ಮಗುವನ್ನು ಮತ್ತೆ ಕಾಣಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಸಿದ್ಧತೆಗಳೆಲ್ಲ ಮುಖ್ಯವಾಗಿ ತಾಯಿಯನ್ನು ಕೇಂದ್ರದಲ್ಲಿಟ್ಟುಕೊಂಡಿದ್ದವು: ರಕ್ತಸ್ರಾವವಾದರೆ ಎಲ್ಲಿ, ಶಸ್ತ್ರಚಿಕಿತ್ಸೆ ಯಾರಿಂದ, ಎಷ್ಟು ನಿಮಿಷದಲ್ಲಿ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ತಜ್ಞರು ಇದ್ದದ್ದು ಬಾಸ್ಟನ್‌ನಲ್ಲಿ. ಇಂದು ಮುನ್ಸೂಚನೆ ಸಿಕ್ಕಿ, ತಾಯಿಯ ಸ್ಥಿತಿ ಅವಕಾಶ ಕೊಟ್ಟರೆ, ಶಿಶು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೆರಿಗೆಗೆ ಮೊದಲೇ ತಾಯಿಯನ್ನು ಸಾಗಿಸುತ್ತಾರೆ. ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಶಿಶುವಿಗೆ ಇನ್ನೊಂದಿಲ್ಲ. ಹಾಗೆಂದು 1963ರಲ್ಲಿ ಬಾಸ್ಟನ್‌ನಲ್ಲೇ ಹೆರಿಗೆಯಾಗಿದ್ದರೆ ಪ್ಯಾಟ್ರಿಕ್ ಉಳಿಯುತ್ತಿದ್ದ ಎನ್ನಲಾಗದು.

ಅವನ ಕಾಯಿಲೆಯ ಹೆಸರು ಹಯಲೀನ್ ಮೆಂಬ್ರೇನ್ ಡಿಸೀಸ್. ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳ ಒಳಮೈಗೆ ಸಾಬೂನಿನಂಥ ತೆಳುವಾದ ಲೇಪವೊಂದಿರುತ್ತದೆ. ಉಸಿರು ಬಿಟ್ಟಾಗ ಚೀಲಗಳು ಮುದುಡಿ ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಗರ್ಭದ ಕೊನೆಯ ವಾರಗಳಲ್ಲಷ್ಟೇ ಈ ಲೇಪ ಸಾಕಷ್ಟು ಸಿದ್ಧವಾಗುವುದು. ಅದಿಲ್ಲದ ಶಿಶುವಿಗೆ ಪ್ರತಿ ಉಸಿರೂ ಹೊಸ ಬಲೂನನ್ನು ಮೊದಲ ಬಾರಿ ಊದಿದಷ್ಟು ಕಷ್ಟ. ಈ ರಹಸ್ಯವನ್ನು ಮೇರಿ ಎಲೆನ್ ಏವರಿ ಎಂಬ ಯುವ ವೈದ್ಯೆ ಸಹೋದ್ಯೋಗಿ ಜೆರೆ ಮೀಡ್ ಅವರೊಂದಿಗೆ 1959ರಲ್ಲೇ ಪ್ರಕಟಿಸಿದ್ದರು. ಅದೂ ಬಾಸ್ಟನ್‌ನಲ್ಲೇ. ಕಾಯಿಲೆಗೆ ಕಾರಣ ಗೊತ್ತಿತ್ತು. ಕೊರತೆಯನ್ನು ತುಂಬುವ ಬಗೆ ಗೊತ್ತಿರಲಿಲ್ಲ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಾಗಿ ಬಳಸುತ್ತಿದ್ದ, ಒತ್ತಡದಲ್ಲಿ ಆಮ್ಲಜನಕ ಕೊಡುವ ಉಕ್ಕಿನ ಕೋಣೆಯೊಂದರೊಳಗೆ ಪ್ಯಾಟ್ರಿಕ್‌ನನ್ನು ಇರಿಸಲಾಯಿತು. ಅದು ಕೊನೆಯ ಪ್ರಯತ್ನ. ಆಗಸ್ಟ್ 9ರ ಬೆಳಗಿನ ಜಾವ 4 ಗಂಟೆಯ ಸುಮಾರಿಗೆ, ಹುಟ್ಟಿದ 39 ಗಂಟೆಗಳ ನಂತರ ಮಗು ತೀರಿಕೊಂಡಿತು. ತಂದೆ ಅಲ್ಲಿದ್ದರು. ಮರುದಿನ ಕಾರ್ಡಿನಲ್ ರಿಚರ್ಡ್ ಕುಶಿಂಗ್ ಅವರ ಖಾಸಗಿ ಪ್ರಾರ್ಥನಾ ಮಂದಿರದಲ್ಲಿ ವಿಧಿಗಳು ನಡೆದವು. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ತಾಯಿ ಓಟಿಸ್‌ನ ಹಾಸಿಗೆಯಲ್ಲೇ ಉಳಿದರು. ಆಗಸ್ಟ್ 14ರಂದು ಪತಿಯ ಕೈ ಹಿಡಿದು ಆಸ್ಪತ್ರೆಯಿಂದ ಹೊರಬಂದರು. ಸಾರ್ವಜನಿಕವಾಗಿ ಕೈಹಿಡಿದು ನಡೆಯುವ ಅಭ್ಯಾಸ ಆ ದಂಪತಿಗೆ ಇರಲಿಲ್ಲ ಎಂಬುದನ್ನು ಬಲ್ಲವರು ಆ ಚಿತ್ರವನ್ನು ಬಹುಕಾಲ ಮರೆಯಲಿಲ್ಲ.

ಪ್ಯಾಟ್ರಿಕ್‌ನ ಸಾವು ಈ ಕಾಯಿಲೆಯನ್ನು ಮನೆಮನೆಯ ಮಾತಾಗಿಸಿತು. ಮುಂದಿನದು ನಿಧಾನಗತಿಯ ಕಥೆ. 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ, ಗಾಳಿಚೀಲಗಳು ಮುದುಡದಂತೆ ಸತತ ಒತ್ತಡದ ಗಾಳಿ ಕೊಡುವ ವಿಧಾನ ತೋರಿಸಿದರು. ಅವರ ಮೊದಲ 20 ಶಿಶುಗಳಲ್ಲಿ 16 ಬದುಕಿದವು. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತೆಗೆದ ಲೇಪವನ್ನೇ ಹತ್ತು ಶಿಶುಗಳ ಶ್ವಾಸನಾಳಕ್ಕೆ ನೀಡಿ ಯಶಸ್ವಿಯಾದರು. ಇವೆಲ್ಲಕ್ಕಿಂತ ಸರಳವಾದದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಿಂದ ಬಂತು. ಕುರಿಗಳ ಹೆರಿಗೆಯನ್ನು ಅಧ್ಯಯನ ಮಾಡುತ್ತಿದ್ದ ಗ್ರಹಾಂ ಲಿಗಿನ್ಸ್, ಸ್ಟಿರಾಯ್ಡ್ ಪಡೆದು ಅವಧಿಗೆ ಮುನ್ನ ಹುಟ್ಟಿದ ಮರಿಯೊಂದು ಎಣಿಕೆಗೆ ಮೀರಿ ಉಸಿರಾಡುತ್ತಿದ್ದುದನ್ನು ಗಮನಿಸಿದರು. ರಾಸ್ ಹೌವಿ ಅವರೊಡಗೂಡಿ ಗರ್ಭಿಣಿಯರಲ್ಲೇ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆರಿಗೆಗೆ ಮೊದಲು ತಾಯಿಗೆ ಕೊಡುವ ಅಗ್ಗದ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತಿತ್ತು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅದನ್ನು ವ್ಯಾಪಕವಾಗಿ ಬಳಸುವಂತೆ ಶಿಫಾರಸು ಮಾಡಿದ್ದು 1994ರಲ್ಲಿ. 22 ವರ್ಷಗಳ ಈ ವಿಳಂಬ ವೈದ್ಯಲೋಕದ ಮುಜುಗರಗಳಲ್ಲೊಂದು. ಬಡ ರಾಷ್ಟ್ರಗಳ ಆಸ್ಪತ್ರೆಗಳಲ್ಲೂ ಈ ಚುಚ್ಚುಮದ್ದು ಸುರಕ್ಷಿತವೇ ಎಂಬ ಸಂದೇಹ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಉತ್ತರ ನೀಡಿತು. ನವಜಾತ ಶಿಶುಗಳ ಸಾವು ಕಡಿಮೆಯಾಗಿತ್ತು. ಅದರ ಭಾರತದ ಕೇಂದ್ರಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಒಂದಾಗಿತ್ತು.

ಇಂದು ಜಾಕ್ವೆಲಿನ್ ಅವರಂಥ ಚರಿತ್ರೆಯ ಗರ್ಭಿಣಿ ವೈದ್ಯರ ಬಳಿ ಹೋದರೆ ಮೊದಲ ಭೇಟಿಯಲ್ಲೇ ಹಿಂದಿನ ಹೆರಿಗೆಗಳ ವಾರ, ತೂಕ, ಕಾರಣಗಳನ್ನು ಬರೆದುಕೊಳ್ಳುತ್ತಾರೆ. ಮೊದಲ ತಿಂಗಳುಗಳ ಸ್ಕ್ಯಾನ್‌ನಿಂದ ದಿನಾಂಕ ಖಚಿತವಾಗುತ್ತದೆ. ನಾಲ್ಕನೇ ತಿಂಗಳಿನಿಂದ ಗರ್ಭಕಂಠದ ಉದ್ದ ಅಳೆಯುತ್ತಾರೆ. ಕುಗ್ಗಿದ್ದರೆ ಪ್ರೊಜೆಸ್ಟರಾನ್, ಕೆಲವರಿಗೆ ಹೊಲಿಗೆ. ಇದರಲ್ಲೂ ಎಲ್ಲವೂ ಇತ್ಯರ್ಥವಾಗಿಲ್ಲ. ಅಕಾಲಿಕ ಹೆರಿಗೆ ತಡೆಯಲೆಂದು ವರ್ಷಗಟ್ಟಲೆ ವಾರಕ್ಕೊಮ್ಮೆ ಕೊಡುತ್ತಿದ್ದ ಪ್ರೊಜೆಸ್ಟರಾನ್ ಜಾತಿಯ ಚುಚ್ಚುಮದ್ದೊಂದಕ್ಕೆ, ಅದು ಉಪಯುಕ್ತವೆಂದು ಸಾಬೀತಾಗದ ಕಾರಣ, ಅಮೆರಿಕ 2023ರಲ್ಲಿ ಅನುಮತಿ ಹಿಂತೆಗೆದುಕೊಂಡಿತು. ರಕ್ತಸ್ರಾವದಿಂದ ಹಠಾತ್ತನೆ ಬರುವ ಹೆರಿಗೆಯನ್ನು ಖಚಿತವಾಗಿ ತಡೆಯುವ ಉಪಾಯ ಈಗಲೂ ಇಲ್ಲ. ಬದಲಾಗಿರುವುದು ಹುಟ್ಟಿದ ಮೇಲಿನ ಕಥೆ. ಪ್ಯಾಟ್ರಿಕ್‌ನಷ್ಟೇ ವಾರ, ಅಷ್ಟೇ ತೂಕದ ಶಿಶು ಸುಸಜ್ಜಿತ ಆಸ್ಪತ್ರೆಯಲ್ಲಿ ಹುಟ್ಟಿದರೆ ಬಹುತೇಕ ಖಂಡಿತವಾಗಿ ಬದುಕುತ್ತದೆ. ಜಿಲ್ಲಾ ಕೇಂದ್ರದಿಂದ ದೂರದ ಊರಿನಲ್ಲಿ ಹುಟ್ಟಿದರೆ ಆ ಮಾತನ್ನು ಅಷ್ಟು ಧೈರ್ಯವಾಗಿ ಹೇಳುವಂತಿಲ್ಲ.

ಜಾಕ್ವೆಲಿನ್ ಅವರಿಗೆ ಆರನೆಯ ಗರ್ಭದ ಮಾತೇ ಬರಲಿಲ್ಲ. ಪ್ಯಾಟ್ರಿಕ್ ತೀರಿಕೊಂಡ ಮೂರೂವರೆ ತಿಂಗಳಿಗೆ, ನವೆಂಬರ್ 22ರಂದು, ಡಲ್ಲಾಸ್‌ನಲ್ಲಿ ಪತಿಯ ಹತ್ಯೆಯಾಯಿತು. ಆಗ ಅವರ ವಯಸ್ಸು 34. ಮಗು ಕಳೆದುಕೊಂಡ ಮೇಲೆ ಪತಿಯೊಂದಿಗೆ ಅವರು ಕೈಗೊಂಡ ಮೊದಲ ದೊಡ್ಡ ರಾಜಕೀಯ ಪ್ರವಾಸ ಅದಾಗಿತ್ತು. 1968ರಲ್ಲಿ ಗ್ರೀಸ್‌ನ ಹಡಗು ಉದ್ಯಮಿ ಅರಿಸ್ಟಾಟಲ್ ಒನಾಸಿಸ್ ಅವರನ್ನು ವರಿಸಿದರು, 1975ರಲ್ಲಿ ಮತ್ತೆ ವಿಧವೆಯಾದರು. ಕೊನೆಯ ಎರಡು ದಶಕ ನ್ಯೂಯಾರ್ಕ್‌ನ ಪ್ರಕಾಶನ ಸಂಸ್ಥೆಗಳಲ್ಲಿ ಸಂಪಾದಕಿಯಾಗಿ ದುಡಿದರು. ಮುಂದೆ ಒಡಿಶಾದ ಮುಖ್ಯಮಂತ್ರಿಯಾದ ನವೀನ್ ಪಟ್ನಾಯಕ್ ಅವರು ಭಾರತದ ರಾಜಮನೆತನಗಳ ಬದುಕಿನ ಕುರಿತು ಬರೆದ ಪುಸ್ತಕ 1985ರಲ್ಲಿ ಹೊರಬಂದದ್ದು ಅವರ ಕೈಯಿಂದಲೇ. ಉಳಿದ ಇಬ್ಬರು ಮಕ್ಕಳನ್ನು ಕ್ಯಾಮೆರಾಗಳಿಂದ ದೂರವಿಟ್ಟು ಬೆಳೆಸಿದ್ದು ಅವರ ನಿಜವಾದ ಸಾಧನೆ ಎಂದು ಆಪ್ತರು ನೆನೆಯುತ್ತಾರೆ.

1994ರ ಮೇ 19ರಂದು, ಲಿಂಫೋಮಾ ಕ್ಯಾನ್ಸರ್‌ನಿಂದ, 64ನೇ ವಯಸ್ಸಿನಲ್ಲಿ ಅವರು ನಿಧನರಾದರು. ತಾಯಂದಿರಿಗೆ ಸ್ಟಿರಾಯ್ಡ್ ಚುಚ್ಚುಮದ್ದು ನೀಡಬೇಕೆಂಬ ಶಿಫಾರಸು ಹೊರಬಿದ್ದು ಆಗ ಮೂರು ತಿಂಗಳೂ ಆಗಿರಲಿಲ್ಲ. ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಕೆನಡಿ ಅವರ ಪಕ್ಕದಲ್ಲೇ ಅವರನ್ನು ಸಮಾಧಿ ಮಾಡಲಾಯಿತು. ಅಲ್ಲಿ ಮೊದಲೇ ಎರಡು ಪುಟ್ಟ ಸಮಾಧಿಗಳಿದ್ದವು. 1963ರ ಡಿಸೆಂಬರ್‌ನಲ್ಲಿ, ಪತಿಯ ಅಂತ್ಯಕ್ರಿಯೆ ಮುಗಿದ ಕೆಲವೇ ದಿನಗಳಲ್ಲಿ, ನ್ಯೂಪೋರ್ಟ್‌ನಿಂದಲೂ ಬಾಸ್ಟನ್ ಬಳಿಯ ಬ್ರೂಕ್‌ಲೈನ್‌ನಿಂದಲೂ ತಮ್ಮ ಇಬ್ಬರು ಮಕ್ಕಳನ್ನು ಜಾಕ್ವೆಲಿನ್ ಅಲ್ಲಿಗೆ ತರಿಸಿದ್ದರು. ಪ್ಯಾಟ್ರಿಕ್‌ನ ಕಲ್ಲಿನ ಮೇಲೆ ಹೆಸರೂ ಹುಟ್ಟು ಸಾವುಗಳ ದಿನಾಂಕಗಳೂ ಇವೆ. ಇನ್ನೊಂದು ಕಲ್ಲಿನ ಮೇಲೆ ಹೆಸರಿಲ್ಲ. ಮಗಳು ಎಂಬ ಪದ ಮತ್ತು 1956ರ ಆಗಸ್ಟ್ 23 ಎಂಬ ಒಂದೇ ದಿನಾಂಕ.